ಕಾಯಿ ಬಿಟ್ಟ ಮರಕ್ಕೆ ಕತ್ತಿಯಿಲ್ಲ

ನನ್ನ ಬಾಯಿ ಸರಿಯಿಲ್ಲ ಎಂಬುದು ನಮ್ಮ ನರ್ಸರಿಯ ನೀರಿನ ಪಂಪಿಗೂ ಗೊತ್ತು. ಯಾರ ರಜೆ ಮಂಜೂರಾಗಿಲ್ಲ, ಯಾರ ಸಸಿಗೆ ಹುಳ ಬಿದ್ದಿದೆ, ಯಾರನ್ನು ಬೇರೆ ಕಡೆಗೆ ಎತ್ತಿ ಹಾಕಿದ್ದಾರೆ, ಇಂಥದ್ದನ್ನು ಹೇಳುವ ಸಂದರ್ಭ ಬಂದರೆ ಎಲ್ಲರೂ ಸೇರಿ ನನ್ನನ್ನೇ ಮುಂದೆ ತಳ್ಳುತ್ತಾರೆ. "ನೀನಾದ್ರೆ ಮುಖ ನೋಡ್ಕೊಂಡೇ ಹೇಳಿಬಿಡ್ತೀಯ" ಎನ್ನುತ್ತಾರೆ. ಅದು ಹೊಗಳಿಕೆಯೋ ಬೈಗುಳವೋ ಇಪ್ಪತ್ತು ವರ್ಷದಲ್ಲಿ ನನಗೆ ತಿಳಿದಿಲ್ಲ. ಕೇಳಿದವರು ಅಳುತ್ತಾರೆ, ನನಗೆ ಹಿಡಿಶಾಪ ಹಾಕುತ್ತಾರೆ, ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಮತ್ತೆ ನನ್ನ ಪಕ್ಕದಲ್ಲೇ ಬಂದು ಕೂರುತ್ತಾರೆ. ಹೀಗಾಗಿ ಆ ದಿನ ಸಸ್ಯಶಾಸ್ತ್ರದ ಮೇಡಂ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು, "ನಿಮ್ಮ ತಂದೆಗೆ ನೀವೇ ಹೇಳ್ಬೇಕು" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ.

ಅಪ್ಪ ಇದೇ ನರ್ಸರಿಯಲ್ಲಿ ಮೂವತ್ತೆಂಟು ವರ್ಷ ಮಾಲಿಯಾಗಿದ್ದ. ನಿವೃತ್ತಿಯಾಗಿ ಒಂಬತ್ತು ವರ್ಷ ಕಳೆದರೂ ಬೆಳಿಗ್ಗೆ ನನಗಿಂತ ಮೊದಲು ಗೇಟಿನೊಳಗೆ ಕಾಲಿಡುವವನು ಅವನೇ. ಕಾವಲಿನವನು, "ಅಜ್ಜಾ, ನಿಂಗೆ ಹಾಜರಿ ಯಾರು ಹಾಕ್ತಾರೆ?" ಎಂದು ರೇಗಿಸಿದರೆ, "ಗಿಡ ಹಾಕ್ತಾವೆ" ಎನ್ನುತ್ತಾನೆ. ಎಲ್ಲರ ಬಾಯಲ್ಲೂ ಅವನು ಕಡ್ಡಿ ಅಜ್ಜ. ಯಾವ ಗಿಡದ ಕಡ್ಡಿಯನ್ನೇ ಕತ್ತರಿಸಿ ಮರಳಿಗೆ ಚುಚ್ಚಲಿ, ಹತ್ತರಲ್ಲಿ ಎಂಟು ಬೇರು ಬಿಡುತ್ತವೆ. ಅದೇ ಮರಳು, ಅದೇ ನೀರು, ಬೇರು ಬರಿಸುವ ಅದೇ ಪುಡಿ; ನಾನು ಚುಚ್ಚಿದರೆ ಮೂರು. ಅದನ್ನು ಕೈಗುಣ ಎನ್ನದೆ ಬೇರೆ ಏನೆನ್ನಬೇಕೋ ಓದಿದವರೇ ಹೇಳಲಿ. ಕಡ್ಡಿ ಅಜ್ಜನ ಕೈಗೆ ಪೊರಕೆ ಕೊಡಬೇಡಿ, ಅದೂ ಚಿಗುರಿಬಿಟ್ಟರೆ ಗುಡಿಸುವುದು ಹೇಗೆ ಎಂದು ಮಣ್ಣಕ್ಕ ನಗಿಸುತ್ತಿದ್ದಳು. ಮಣ್ಣಕ್ಕ ಎಂದರೆ ನಮ್ಮಲ್ಲಿ ಮಣ್ಣು ಗೊಬ್ಬರ ಕಲಸಿ ಚೀಲ ತುಂಬುವ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು.

ಎರಡು ವರ್ಷದಿಂದ ಅಪ್ಪನ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸೋಣ ಎಂದರೆ ಮೈಗೆ ಕತ್ತಿ ಬೇಡ ಎನ್ನುತ್ತಾನೆ. ಜೀವನವೆಲ್ಲ ಕತ್ತಿ ಹಿಡಿದೇ ಅನ್ನ ತಿಂದವನ ಮಾತು ಇದು. ನನ್ನ ಅಮ್ಮ ಎರಡನೇ ಹೆರಿಗೆಯಲ್ಲಿ, ಆಪರೇಷನ್ ಟೇಬಲ್ಲಿನ ಮೇಲೆ, ಮಗುವಿನ ಜೊತೆಗೇ ಹೋದಳು. ನನಗಾಗ ಏಳು ವರ್ಷ. ಆ ವಿಷಯ ನಮ್ಮ ಮನೆಯಲ್ಲಿ ಮಾತಾಗಿ ಬರುವುದಿಲ್ಲ, ನಾನೂ ಕೆದಕುವುದಿಲ್ಲ.

ಇನ್ನು ಮರದ ವಿಷಯ. ನಾವು ಅದನ್ನು ಮಂಡಿಮರ ಎನ್ನುತ್ತೇವೆ. ಪುಸ್ತಕದಲ್ಲಿ ನಾಲಿಗೆ ತಿರುಚುವ ಹೆಸರೊಂದಿದೆ, ಮೇಡಂ ಹೇಳಿದಾಗಲೆಲ್ಲ ತಲೆಯಾಡಿಸಿ ಮರೆಯುತ್ತೇನೆ. ಇದು ನಿಂತ ನೀರಿನ ಮರ, ಜೌಗಿನಲ್ಲಲ್ಲದೆ ಎಲ್ಲೂ ಬೆಳೆಯುವುದಿಲ್ಲ. ಕೆಸರಿನೊಳಗೆ ಉಸಿರು ಸಿಗುವುದಿಲ್ಲವಲ್ಲ, ಅದಕ್ಕೆ ಬೇರುಗಳು ನೀರಿನಿಂದ ಮೇಲೆದ್ದು ಮಂಡಿ ಮಡಚಿ ಮತ್ತೆ ಕೆಳಗಿಳಿಯುತ್ತವೆ. ಆ ಮಂಡಿಗಳಿಂದಲೇ ಮರ ಉಸಿರಾಡುವುದು. ಜೌಗು ಯಾರಿಗೆ ಬೇಕು ಹೇಳಿ? ಸೊಳ್ಳೆ, ಏಡಿ, ಕೊಳೆತ ಎಲೆಯ ವಾಸನೆ. ಊರು ಬೆಳೆದಂತೆ ಒಂದೊಂದೇ ಜೌಗಿಗೆ ಮಣ್ಣು ಬಿತ್ತು, ಮೇಲೆ ಗೋದಾಮು ಬಂತು, ಮನೆ ಬಂತು, ರಸ್ತೆ ಬಂತು. ಹತ್ತೊಂಬತ್ತು ವರ್ಷದ ಹಿಂದೆ ಆಗಿನ ಸಾಹೇಬರು ಅಪ್ಪನನ್ನು ಕರೆದು, ಹೊರವಲಯದ ಜೌಗಿನಲ್ಲಿ ಐದೇ ಐದು ಮಂಡಿಮರ ಉಳಿದಿವೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಹೇಗಾದರೂ ಮಾಡಿ ಸಸಿ ಮಾಡು ಎಂದರು. ಬೀಜದಿಂದ ಆಗದ ಕೆಲಸ ಅದು. ಮರ ವರ್ಷ ವರ್ಷ ಕಾಯಿ ಬಿಡುವುದಿಲ್ಲ. ಬಿಟ್ಟ ವರ್ಷವೂ ಅರ್ಧ ಕಾಯಿ ಕೋತಿಗೆ, ಬಿದ್ದದ್ದು ಏಡಿಗೆ. ಕೈಗೆ ಸಿಕ್ಕ ನಾಲ್ಕು ಬೀಜ ಮೂರು ದಿನ ಒಣಗಿದರೆ ಸತ್ತವು. ಹಾಗಾಗಿ ಕಡ್ಡಿಯೊಂದೇ ದಾರಿ ಎಂದು ಅಪ್ಪ ಹೊರಟ. ಚೀಲ ಹಿಡಿದು ಹಿಂದೆ ಹೋದವಳು ನಾನು.

ಮೊಣಕಾಲಿನವರೆಗೆ ಕೆಸರಲ್ಲಿ ನಿಂತು ಅಪ್ಪ ಐದೂ ಮರವನ್ನು ಸುತ್ತಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ಮರದಲ್ಲಿ ಕಾಯಿಯಿತ್ತು, ಮೂರರಲ್ಲಿ ಇರಲಿಲ್ಲ. ಐದರ ಬುಡದಲ್ಲೂ ಬೆರಳು ಗಾತ್ರದ ಎಳೆ ಚಿಗುರು ಬೇಕಾದಷ್ಟು ಎದ್ದಿತ್ತು, ಕಡ್ಡಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ನಾನು ಹತ್ತಿರದ ಮರಕ್ಕೆ ಕೈ ಹಾಕಿದೆ. ಅದು ಕಾಯಿ ಹೊತ್ತ ಮರ. ಅಪ್ಪ ನನ್ನ ರಟ್ಟೆ ಹಿಡಿದು ಎಳೆದ.

"ಕಾಯಿ ಬಿಟ್ಟ ಮರಕ್ಕೆ ಕತ್ತಿ ಹಾಕ್ಬಾರ್ದು. ಅದು ಹೊತ್ಕೊಂಡಿದೆ, ಅದಕ್ಕೆ ಯಾಕೆ ಇನ್ನೊಂದು ನೋವು? ಇವು ಮೂರು ಈ ಸಲ ಸುಮ್ಮನಿವೆ. ಇವುಗಳ ಹತ್ರ ತಗೊಳ್ಳೋಣ."

ಇದು ಯಾವ ತೋಟಗಾರಿಕೆ ಶಾಲೆಯಲ್ಲೂ ಕಲಿಸುವ ನಿಯಮವಲ್ಲ, ಅಪ್ಪನದೇ. ಗುಲಾಬಿಯಿರಲಿ ದಾಸವಾಳವಿರಲಿ, ಮೊಗ್ಗು ಕಾಯಿ ಇರುವ ರೆಂಬೆಯನ್ನು ಅವನು ಮುಟ್ಟಿದವನೇ ಅಲ್ಲ. ಈ ಸಲ ಇವು ಬಿಟ್ಟರೆ ಮುಂದಿನ ಸಲ ಅವು ಬಿಡುತ್ತವೆ, ಸರದಿ ಇರುತ್ತದೆ ಎಂಬುದು ಅವನ ನಂಬಿಕೆ. ಮುಂದೆ ಮೂರು ಮಳೆಗಾಲ ಹೋದೆವು. ಕಾಯಿ ಬಿಟ್ಟ ಎರಡು ಮರ ಯಾವುವೆಂದು ನೆನಪಿಟ್ಟುಕೊಂಡು, ಅವು ಸುಸ್ತಾಗಿವೆ ಎಂದು, ಮೂರೂ ಸಲ ಅವನ್ನು ಬಿಟ್ಟು ಉಳಿದವುಗಳಿಂದಲೇ ಕತ್ತರಿಸಿದ.

ಪರಂಗಿಯಲ್ಲಿ ಗಂಡು ಮರ ಹೆಣ್ಣು ಮರ ಬೇರೆ ಎಂದು ತಿಳಿಯದ ಮಾಲಿ ಇದ್ದಾನೆಯೇ? ಅಪ್ಪನಿಗೂ ಗೊತ್ತು, ನನಗೂ ಗೊತ್ತು. ಆದರೆ ಮಂಡಿಮರದ ಹೂವು ಸಾಸಿವೆ ಕಾಳಿನಷ್ಟು, ಇರುವುದು ನೂರಡಿ ಮೇಲೆ, ಅದನ್ನು ನೋಡಿದವರು ಯಾರಿದ್ದರು? ಸಾಹೇಬರಿಗೂ ಹೊಳೆಯಲಿಲ್ಲ. ಅವರು ವರ್ಗವಾಗಿ ಹೋದರು, ಆ ಮೇಲೆ ತೀರಿಕೊಂಡರು. ಅವರ ಜಾಗಕ್ಕೆ ಬಂದವರಿಗೆ ಮಂಡಿಮರ ಬೇಕಾಗಿರಲಿಲ್ಲ. ಅಪ್ಪ ಬಿಡಲಿಲ್ಲ. ನರ್ಸರಿಯ ಹಿಂದಿನ ತಗ್ಗಿಗೆ ಚರಂಡಿ ನೀರನ್ನು ತಿರುಗಿಸಿ, ಮಣ್ಣಿನ ಮೂಟೆ ಇಟ್ಟು ಕಟ್ಟಿ, ತಾನೇ ಒಂದು ಜೌಗು ಮಾಡಿದ. ಸೊಳ್ಳೆ ಸಾಕುತ್ತೀಯ ಎಂದು ಮೂರು ಸಲ ನೋಟೀಸು ಬಂತು. ಮೂರಕ್ಕೂ ಹೆಬ್ಬೆಟ್ಟು ಒತ್ತಿ ಮನೆಗೆ ಬಂದು ಊಟ ಮಾಡಿ ಮಲಗಿದ. ಅಲ್ಲಿ ಈಗ ಮುನ್ನೂರ ಹನ್ನೆರಡು ಮರಗಳಿವೆ, ಹನ್ನೆರಡು ಸಾಲು, ಸಾಲಿಗೆ ಇಪ್ಪತ್ತಾರು. ಎಲ್ಲಕ್ಕೂ ಮಂಡಿ ಎದ್ದಿದೆ.

ಈ ವರ್ಷ ಅವು ಮೊದಲ ಸಲ ಹೂ ಬಿಟ್ಟವು. ಅಪ್ಪ ಇಡೀ ನರ್ಸರಿಗೆ ಚಹಾ ಕುಡಿಸಿದ. ಮರುದಿನದಿಂದ ಹರಿದ ನೆರಳುಬಲೆಗಳನ್ನೆಲ್ಲ ಒಟ್ಟು ಮಾಡಿ ಹೊಲಿಯಲು ಕುಳಿತ. ಕಾಯಿ ಉದುರುವ ಕಾಲಕ್ಕೆ ಮರಗಳ ಕೆಳಗೆ ಬಲೆ ಕಟ್ಟಿದರೆ ಏಡಿಯ ಬಾಯಿಗೆ ಒಂದೂ ಹೋಗುವುದಿಲ್ಲ ಎಂಬ ಲೆಕ್ಕಾಚಾರ. ಕಣ್ಣು ಕಾಣದವನು ಬೆರಳಲ್ಲಿ ತಡವಿ ತಡವಿ ಹೊಲಿಯುತ್ತಿದ್ದ. ಹತ್ತನೇ ಸಾಲಿನವರೆಗೆ ಆಗುವಷ್ಟು ಬಲೆ ಹೊಲಿದು ಮುಗಿಸಿದಾಗ ಮೇಡಂ ಬಂದರು.

ಮೇಡಂ ಒಳ್ಳೆಯವರು. ಪುಸ್ತಕದ ಹುಳುವಾದರೂ ಕೆಸರಿಗೆ ಇಳಿಯಲು ಹಿಂಜರಿಯುವವರಲ್ಲ. ಮೂರು ದಿನ ಏಣಿ ಹಾಕಿಸಿ ಒಂದೊಂದು ಮರದಿಂದಲೂ ಹೂ ಕೀಳಿಸಿ, ಸಣ್ಣ ಸಣ್ಣ ಲಕೋಟೆಯಲ್ಲಿಟ್ಟು, ಸಾಲು ಸಂಖ್ಯೆ ಬರೆಸಿ, ಒಂದೊಂದನ್ನೇ ಸೀಳಿ ನೋಡಿದರು. ಸಂಖ್ಯೆ ಬರೆದವಳು ನಾನು. ಮೂರನೇ ದಿನ ಮಧ್ಯಾಹ್ನ ಕೊನೆಯ ಲಕೋಟೆಯನ್ನು ಪಕ್ಕಕ್ಕಿಟ್ಟು ಅವರು ಹೇಳಿದರು.

"ಒಂದರಲ್ಲೂ ಕಾಯಿ ಆಗೋ ಭಾಗ ಇಲ್ಲ. ಬರೀ ಪರಾಗ. ಎಲ್ಲಾ ಗಂಡು ಮರಗಳು."

"ಒಂದೂ ಇಲ್ವಾ?"

"ಮುನ್ನೂರ ಹನ್ನೆರಡೂ ನೋಡಿದೀನಿ."

ಹಳೆಯ ಐದರಲ್ಲಿ ನಾಲ್ಕು ಯಾವತ್ತೋ ಹೋಗಿವೆ. ಉಳಿದದ್ದು ಒಂದು, ಅಪ್ಪ ಮುಟ್ಟದೆ ಬಿಟ್ಟ ಎರಡರಲ್ಲಿ ಒಂದು. ಅದು ನಿಂತ ಜಾಗದಲ್ಲಿ ಬಸ್ ಡಿಪೋ ಬರುತ್ತಿದೆ, ನಾಲ್ಕು ತಿಂಗಳಿಂದ ಲಾರಿಗಳು ಮಣ್ಣು ಸುರಿಯುತ್ತಿವೆ. ಮೇಡಂಗೆ ಮೊದಲು ಹೊಳೆದದ್ದು ಇಲ್ಲಿನ ಪರಾಗವನ್ನು ಸೀಸೆಯಲ್ಲಿ ಒಯ್ದು ಆ ಮರದ ಹೂವಿಗೆ ಮುಟ್ಟಿಸುವುದು. ಅಪ್ಪನಿಗೆ ತಿಳಿಯದಂತೆ ನಾವಿಬ್ಬರು, ಕರೆಂಟು ಕಂಬ ಹತ್ತುವ ಲೈನ್‌ಮನ್ ಒಬ್ಬನನ್ನು ಕರೆದುಕೊಂಡು ಹೋದೆವು. ಮಂಡಿಗಳೆಲ್ಲ ಮಣ್ಣಿನಡಿ ಹೂತುಹೋಗಿದ್ದವು. ಲೈನ್‌ಮನ್ ತುದಿಯವರೆಗೆ ಹತ್ತಿ ಕೆಳಗೆ ಕೂಗಿದ, ಮೊಗ್ಗೂ ಇಲ್ಲ, ಹೂವೂ ಇಲ್ಲ, ನೆತ್ತಿ ಒಣಗಿದೆ ಎಂದು. ಉಸಿರು ಕಟ್ಟಿದ ಮರ ಹೂ ಎಲ್ಲಿಂದ ಬಿಟ್ಟೀತು? ಎರಡು ಮೂರು ರೆಂಬೆಗಳಲ್ಲಿ ಮಾತ್ರ ಹಸಿರಿತ್ತು.

"ಹಾಗಾದ್ರೆ ಕಡ್ಡಿ" ಎಂದರು ಮೇಡಂ. "ಈ ವಾರದೊಳಗೆ. ನೀವು ಮಾಡ್ತೀರಾ?"

ಹೌದು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನಾನೇ ಕತ್ತರಿಸಿ ನಾನೇ ನೆಟ್ಟರೆ ಅಪ್ಪನಿಗೆ ಏನನ್ನೂ ಹೇಳಬೇಕಾಗಿಲ್ಲ, ಅವನು ಬಲೆ ಹೊಲಿದುಕೊಂಡು ಇರಲಿ. ಆದರೆ ಬುಡದ ಎಳೆ ಚಿಗುರು ಮಣ್ಣಿನಡಿ ಹೋಗಿತ್ತು. ಉಳಿದದ್ದು ಮುದಿ ರೆಂಬೆ, ಅದು ಬೇರು ಬಿಡುವುದೇ ಅಪರೂಪ. ದಾಸವಾಳದಲ್ಲೇ ಹತ್ತಕ್ಕೆ ಮೂರು ತೆಗೆಯುವ ಕೈ ನನ್ನದು. ಜಗತ್ತಿನಲ್ಲಿ ಉಳಿದ ಕೊನೆಯ ಹೆಣ್ಣು ಮಂಡಿಮರವನ್ನು ಆ ಕೈಗೆ ಕೊಡುವುದು ನನಗೇ ಒಪ್ಪಿಗೆಯಾಗಲಿಲ್ಲ. ಅಪ್ಪನೇ ಬೇಕು. ಅಪ್ಪ ಬೇಕೆಂದರೆ ಅಪ್ಪನಿಗೆ ಹೇಳಬೇಕು.

ಮಣ್ಣಕ್ಕ ವಿಷಯ ಕೇಳಿ ಚೀಲ ತುಂಬುವುದನ್ನು ಬಿಟ್ಟು ಕುಳಿತಳು. "ನಿಮ್ಮಮ್ಮನ ಮೇಲೆ ಕತ್ತಿ ಆಡಿದ್ದಕ್ಕೇ ಕಣೇ ಅವನು ಹಾಗಾಗಿದ್ದು. ಹೊತ್ತವಳನ್ನ ಕುಯ್ದು..."

"ನಿನ್ನ ಮಣ್ಣು ನೀನು ಕಲಸು" ಎಂದೆ. ಅವಳು ಹೇಳಿದ್ದು ನನಗೆ ಹೊಳೆದಿರಲಿಲ್ಲ ಎಂದಲ್ಲ. ನಲವತ್ತು ವರ್ಷ ಮುಚ್ಚಿಟ್ಟದ್ದನ್ನು ಇನ್ನೊಬ್ಬರು ಗೊಬ್ಬರದ ಕೈಯಲ್ಲಿ ಎತ್ತಿ ತೋರಿಸಿದರೆ ಮೈಯೆಲ್ಲ ಉರಿಯುತ್ತದೆ. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟೆ, ಊಟಕ್ಕೂ ಪಕ್ಕದಲ್ಲಿ ಕೂರಲಿಲ್ಲ.

ಅಪ್ಪ ಮಂಡಿಮರದ ತೋಪಿನ ಅಂಚಿನಲ್ಲಿ ಬಲೆ ಹರಡಿಕೊಂಡು ಕೂತಿದ್ದ. ಬಾಯಲ್ಲಿ ದಾರ, ಕೈಯಲ್ಲಿ ಗೋಣಿ ಹೊಲಿಯುವ ಸೂಜಿ. ನಾನು ಎದುರು ಕುಕ್ಕರುಗಾಲಲ್ಲಿ ಕುಳಿತೆ.

"ಅಪ್ಪ, ಆ ಬಲೆ ಬಿಡು."

"ಯಾಕೆ? ಇನ್ನೆರಡು ಸಾಲಿಗೆ ಆಗ್ಬೇಕು."

"ಕಾಯಿ ಬರಲ್ಲ."

"ಮೊದಲ ವರ್ಷ ಎಲ್ಲಿ ಬರುತ್ತೆ? ಮುಂದಿನ ವರ್ಷಕ್ಕೆ..."

"ಮುಂದಿನ ವರ್ಷಾನೂ ಬರಲ್ಲ ಅಪ್ಪ. ಮೇಡಂ ಹೂವೆಲ್ಲ ನೋಡಿದ್ರು. ಇವೆಲ್ಲ ಗಂಡು."

ಸೂಜಿ ನಿಂತಿತು. "ಯಾವ ಸಾಲು?"

"ಎಲ್ಲಾ ಸಾಲು."

"ಪರಂಗಿ ತರಾನಾ?" ಎಂದ.

"ಹೂಂ. ಪರಂಗಿ ತರಾನೇ."

"ಹಾಗಾದ್ರೆ ಆಗ ಕಾಯಿ ಬಿಟ್ಟಿತ್ತಲ್ಲ, ಆ ಎರಡು..."

"ಅವೇ ಹೆಣ್ಣು."

"ಅವನ್ನ ನಾನು ಮುಟ್ಟಲಿಲ್ಲ."

"ಗೊತ್ತಪ್ಪ. ನಾನೂ ಇದ್ನಲ್ಲ."

"ನೋವಾಗಬಾರ್ದು ಅಂತ ಮುಟ್ಟಲಿಲ್ಲ."

ಎಷ್ಟೋ ಜನರ ಮುಖ ನೋಡಿ ಎಷ್ಟೋ ಕೆಟ್ಟ ಮಾತು ಆಡಿದವಳು ನಾನು, ಅಪ್ಪನ ಮುಖ ನೋಡಲಾಗದೆ ಬಲೆಯ ಕಣ್ಣುಗಳನ್ನು ನೋಡುತ್ತ ಕುಳಿತೆ. ಅವನು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು, ಅಷ್ಟುದ್ದದ ಬಲೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದ. ನಾನು ಇನ್ನೊಂದು ತುದಿ ಹಿಡಿಯಲು ಹೋದರೆ ಬೇಡವೆಂದು ಕೈಯಾಡಿಸಿದ. ಮಡಚಿ ಮುಗಿಸಿದ ಮೇಲೆ ಕೇಳಿದ.

"ಆ ಎರಡರಲ್ಲಿ ಯಾವುದಾದ್ರೂ ಇದೆಯಾ?"

"ಒಂದಿದೆ. ಸಾಯ್ತಾ ಇದೆ."

"ಅದಕ್ಕೆ ಕತ್ತಿ ಹಾಕು ಅಂತ ಹೇಳೋಕೆ ಬಂದ್ಯಾ?"

"ಹೂಂ."

ಅಪ್ಪ ಎದ್ದು ಕತ್ತಿ ಮಸೆಯುವ ಕಲ್ಲಿನ ಕಡೆಗೆ ಹೋದ. ತೋಪಿನ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತಿನಿಂದ ಅವನು ಆ ಮರಗಳ ನಡುವೆ ಕಾಲಿಡುವುದನ್ನೇ ಬಿಟ್ಟ. ನರ್ಸರಿಗೆ ಬಂದರೆ ಪಂಪಿನ ಮನೆಯ ಪಕ್ಕದಿಂದ ಸುತ್ತು ಹಾಕಿ ಹೋಗುತ್ತಿದ್ದ. ಮನೆಯಲ್ಲಿ ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಕೈ ತೊಳೆಯುತ್ತಿದ್ದ.

ಎರಡು ದಿನದಲ್ಲಿ ಡಿಪೋದ ಎಂಜಿನಿಯರ್ ಕೈಕಾಲು ಹಿಡಿದು ಮೇಡಂ ಒಂದು ಬೆಳಗಿನ ಮಟ್ಟಿಗೆ ಅನುಮತಿ ತಂದರು. ಲಾರಿಗಳನ್ನು ಹೊರಗೆ ನಿಲ್ಲಿಸಿದರು. ಅಪ್ಪ ಮರದ ಹತ್ತಿರ ಹೋಗಿ ಮೊದಲು ಮಾಡಿದ ಕೆಲಸ ಬುಡದ ಮಣ್ಣಿಗೆ ಕೈ ಹಾಕಿದ್ದು. ಎರಡೂ ಕೈಯಲ್ಲಿ ಅಗೆದು ಅಗೆದು ಒಂದು ಮಂಡಿಯ ನೆತ್ತಿಯನ್ನು ಬಿಡಿಸಿದ. ಉಗುರಲ್ಲಿ ಕೆರೆದು ಮೂಸಿದ. ಕಪ್ಪಾಗಿತ್ತು. ನಾನೂ ಬಗ್ಗಿ ಮೂಸಿದೆ, ಕೊಳೆತ ವಾಸನೆ ಮೂಗಿಗೆ ಹೊಡೆಯಿತು. ಅಪ್ಪ ಕೈ ಒರೆಸಿಕೊಂಡು ಮರದ ಮೈಮೇಲೆ ಅಂಗೈ ಇಟ್ಟ.

"ತಡ ಮಾಡಿಬಿಟ್ಟೆ ತಾಯಿ" ಎಂದ.

ಲೈನ್‌ಮನ್ ಮೇಲಿನಿಂದ ಹಸಿರು ರೆಂಬೆಗಳನ್ನು ಕತ್ತರಿಸಿ ಹಗ್ಗದಲ್ಲಿ ಇಳಿಸಿದ. ಅಪ್ಪ ಒದ್ದೆ ಗೋಣಿಯ ಮೇಲೆ ಕೂತು ಒಂದೊಂದನ್ನೂ ತೊಡೆಯ ಮೇಲೆ ಹಾಕಿಕೊಂಡ. ಕಣ್ಣು ಬೇಕಾಗಿರಲಿಲ್ಲ. ಹೆಬ್ಬೆರಳಲ್ಲಿ ಗಿಣ್ಣು ಎಣಿಸುತ್ತಿದ್ದ, ಬಾಗಿಸಿ ನೋಡುತ್ತಿದ್ದ, ಬಾಗದೆ ಲಟಕ್ಕೆಂದದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಮೂರು ಗಿಣ್ಣಿಗೆ ಒಂದು ಓರೆ ಕೊಯ್ತ. ಪ್ರತಿ ಕೊಯ್ತಕ್ಕೂ ಅವನ ದವಡೆ ಬಿಗಿಯುತ್ತಿತ್ತು. ಕೊನೆಗೆ ನಲವತ್ತೆಂಟು ಕಡ್ಡಿ ಆದವು.

ಕಡ್ಡಿ ನೆಟ್ಟ ಮೇಲೆ ಎಳೆದು ನೋಡಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಬೇರು ಬಂದಿದೆಯೋ ಎಂದು ಎಳೆದರೆ, ಆಗಷ್ಟೇ ಒಡೆದ ಎಳೆ ಬೇರು ಕಿತ್ತುಬರುತ್ತದೆ. ಹತ್ತು ವರ್ಷದವಳಿದ್ದಾಗ ಹಾಗೆ ಎಳೆದದ್ದಕ್ಕೆ ಅಪ್ಪನಿಂದ ಒಂದು ಬಿದ್ದದ್ದು ಇನ್ನೂ ಬೆನ್ನಿಗೆ ಗೊತ್ತಿದೆ. ಅದಕ್ಕೇ ಈ ಸಲ ಒಳಗೆ ಕಾಣುವ ತೆಳು ಪ್ಲಾಸ್ಟಿಕ್ ಲೋಟಗಳನ್ನು ತಂದು, ತೂತು ಮಾಡಿ, ತೊಳೆದ ಮರಳು ತುಂಬಿ, ಕಡ್ಡಿಯ ತುದಿ ಗೋಡೆಗೆ ಒತ್ತಿಕೊಂಡಿರುವಂತೆ ನೆಟ್ಟೆವು. ಬೇರು ಬಂದರೆ ಹೊರಗಿನಿಂದಲೇ ಕಾಣುತ್ತದೆ. ಕಾಣುತ್ತದೆ ಎಂದರೆ ನನಗೆ. ಅಪ್ಪನಿಗೆ ಕಾಣುವುದಿಲ್ಲ.

ಹಾಗಾಗಿ ದಿನಾ ಬೆಳಿಗ್ಗೆ ನಾನು ಓದಿ ಹೇಳಬೇಕು. ಅಪ್ಪ ಲೋಟಗಳನ್ನು ಜೋಡಿಸಿಟ್ಟ ಸಸಿಮಡಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ನಾನು ಲೋಟ ಎತ್ತಿ ಬೆಳಕಿಗೆ ಹಿಡಿದು, ಏಳನೆಯದು ಕಪ್ಪಾಗಿದೆ, ಹತ್ತೊಂಬತ್ತರಲ್ಲಿ ಬೂಸಲು, ನಲವತ್ತು ಮೆತ್ತಗಾಗಿದೆ ಎನ್ನುತ್ತಿದ್ದೆ. "ತೆಗಿ" ಎನ್ನುತ್ತಿದ್ದ. ಅಷ್ಟೇ ಮಾತು. ಮೊದಲ ತಿಂಗಳಲ್ಲಿ ಇಪ್ಪತ್ತೊಂಬತ್ತು ಹೋದವು. ಎರಡನೇ ತಿಂಗಳ ಕೊನೆಗೆ ನಾಲ್ಕು ಉಳಿದವು. ಮರಳು ಬದಲಿಸಿದ, ನೀರು ಕಾಯಿಸಿ ಆರಿಸಿ ಹಾಕಿದ, ತನ್ನ ಹೊದಿಕೆ ತಂದು ಮಡಿಗೆ ಹೊದಿಸಿದ. ಸಾಯಂಕಾಲ ಮನೆಗೆ ಕರೆದರೆ ಬಾರದೆ, ನೀನು ಹೋಗಿರು ಎನ್ನುತ್ತಿದ್ದ.

ಒಂದು ದಿನ ಮೇಡಂ ಬಂದು ನನ್ನನ್ನು ಹೊರಗೆ ಕರೆದರು. ಡಿಪೋದವರು ಆ ಮರವನ್ನು ಉರುಳಿಸಿದ್ದರು, ಒಣಮರ ಬಸ್ಸಿನ ಮೇಲೆ ಬಿದ್ದರೆ ಯಾರು ಹೊಣೆ ಎಂದು. ಅವರ ಮಾತೂ ಸುಳ್ಳಲ್ಲ, ಅದು ಆಗಲೇ ಸತ್ತಿತ್ತು. ಒಳಗೆ ಬಂದಾಗ ಅಪ್ಪ ಏನೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಆದರೂ ಅವನಿಗೆ ತಿಳಿದಿತ್ತು ಎಂದುಕೊಂಡಿದ್ದೇನೆ, ಯಾಕೆಂದರೆ ಅವತ್ತು ಉಳಿದ ನಾಲ್ಕು ಲೋಟಗಳನ್ನು ಒಂದೊಂದಾಗಿ ಮುಟ್ಟಿ, ಇನ್ನು ನೀವೇ, ಎಂದ.

ಆ ನಾಲ್ಕರಲ್ಲಿ ಮೂರು ಮುಂದಿನ ವಾರದಲ್ಲಿ ಕೊಳೆತವು. ಉಳಿದದ್ದು ಮೂವತ್ಮೂರನೆಯ ಲೋಟ.

ಎಪ್ಪತ್ತೊಂದನೆಯ ದಿನ ನಾನು ಗೇಟು ದಾಟುವಾಗಲೇ ಮಣ್ಣಕ್ಕ ಓಡಿಬಂದಳು. ಅವಳ ಜೊತೆ ಮಾತು ಬಿಟ್ಟು ಎರಡೂವರೆ ತಿಂಗಳಾಗಿತ್ತು, ಅದನ್ನೂ ಮರೆತು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಮೂವತ್ಮೂರು ಚಿಗುರಿತ್ತು. ಮೇಲಿನ ಗಿಣ್ಣಿನಿಂದ ಎರಡು ಎಲೆ, ತಾಮ್ರದ ಬಣ್ಣ, ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಮಡಿಯ ಸುತ್ತ ಎಲ್ಲರೂ ಸೇರಿದ್ದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಸ್ಟೂಲಿನ ತುದಿಯಲ್ಲಿ ಕೂತು, ತೋರುಬೆರಳ ತುದಿಯಿಂದ ಆ ಎಲೆಯನ್ನು ಮುಟ್ಟಿಯೂ ಮುಟ್ಟದಂತೆ ಸವರುತ್ತಿದ್ದ.

ಕಡ್ಡಿ ಚಿಗುರಿತೆಂದರೆ ಬದುಕಿತು ಎಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಕಡ್ಡಿಯ ಹೊಟ್ಟೆಯಲ್ಲಿ ತಾಯಿಮರ ಕೊಟ್ಟ ಆಹಾರ ಒಂದಿಷ್ಟು ಉಳಿದಿರುತ್ತದೆ, ಅದನ್ನೇ ತಿಂದು ಎಲೆ ಬಿಡುತ್ತದೆ. ಕೆಳಗೆ ಬೇರಿದ್ದರೆ ಆ ಎಲೆ ನಿಲ್ಲುತ್ತದೆ. ಇಲ್ಲದಿದ್ದರೆ ಹತ್ತು ದಿನಕ್ಕೆ ಎಲೆಯೂ ಇಲ್ಲ ಕಡ್ಡಿಯೂ ಇಲ್ಲ. ನನಗೆ ಇದನ್ನು ಕಲಿಸಿದವನು ಅಪ್ಪನೇ.

"ಬೇರು ನೋಡು" ಎಂದ.

ಲೋಟ ಎತ್ತಿ ಬೆಳಕಿಗೆ ಹಿಡಿದೆ. ಮರಳು ಶುಭ್ರವಾಗಿತ್ತು. ಕಡ್ಡಿಯ ಓರೆ ಕೊಯ್ತ ಗೋಡೆಗೆ ಒತ್ತಿಕೊಂಡು ಸ್ಪಷ್ಟವಾಗಿ ಕಾಣುತ್ತಿತ್ತು. ಬೇರಿನ ಕಣ್ಣೂ ಒಡೆದಿರಲಿಲ್ಲ. ತುದಿಯಿಂದ ಒಂದು ಉಗುರಿನಷ್ಟು ಮೇಲಕ್ಕೆ ಕಪ್ಪು ಏರಿತ್ತು. ಲೋಟವನ್ನು ಒಂದು ಸುತ್ತು ತಿರುಗಿಸಿದೆ, ಇನ್ನೊಂದು ಸುತ್ತು ತಿರುಗಿಸಿದೆ. ಎಲ್ಲರ ಕಣ್ಣು ಎಲೆಯ ಮೇಲಿತ್ತು, ಲೋಟದ ತಳವನ್ನು ನೋಡುತ್ತಿದ್ದವಳು ನಾನೊಬ್ಬಳೇ. ಅಪ್ಪ ಮುಖ ಮೇಲೆತ್ತಿ, ಆ ಬೆಳ್ಳಗಾದ ಕಣ್ಣುಗಳನ್ನು ನನ್ನ ಧ್ವನಿ ಬರಬೇಕಾದ ಕಡೆಗೆ ಇಟ್ಟು ಕಾಯುತ್ತಿದ್ದ.

"ಇದೆ" ಎಂದೆ.

"ಎಷ್ಟು?"

"ಮೂರು. ಒಂದು ಉದ್ದಕ್ಕಿದೆ. ಎರಡು ಸಣ್ಣವು."

"ಬಣ್ಣ?"

"ಬೆಳ್ಳಗಿವೆ ಅಪ್ಪ. ತುದಿ ಹಳದಿ."

ಅಪ್ಪ ತಲೆಯಾಡಿಸಿದ. ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮಣ್ಣಕ್ಕ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು, ಮೇಡಂ ನನ್ನ ಬೆನ್ನು ತಟ್ಟಿದರು. ನಾನು ಲೋಟವನ್ನು ಜೋಪಾನವಾಗಿ ಮಡಿಯ ಹಿಂದಿನ ಸಾಲಿಗೆ, ಯಾರ ಕೈಗೂ ಎಟುಕದ ಕಡೆಗೆ ಇಟ್ಟೆ. ಇನ್ನು ಹತ್ತು ದಿನ. ಹನ್ನೊಂದನೆಯ ದಿನ ಏನು ಮಾಡುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಅಪ್ಪ ಸ್ಟೂಲಿನಿಂದ ಎದ್ದ. ಪಂಪಿನ ಮನೆಯ ಸುತ್ತು ದಾರಿ ಹಿಡಿಯಲಿಲ್ಲ. ನೇರ ಹಿಂದಿನ ತಗ್ಗಿಗೆ ಹೊರಟ. ಬಿದ್ದುಬಿಟ್ಟಾನೆಂದು ನಾನೂ ಹಿಂದೆ ಹೋದೆ. ಎರಡೂವರೆ ತಿಂಗಳಿಂದ ಕಾಲಿಡದ ತೋಪಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ನೀರಿಗೆ ಇಳಿದ. ಮೊದಲ ಸಾಲಿನ ಮೊದಲ ಮರವನ್ನು ಕೈಚಾಚಿ ಹುಡುಕಿ ತಬ್ಬಿಕೊಂಡ.

"ಕೇಳಿಸ್ತೇನೋ? ಹೆಣ್ಣು ಹುಟ್ಟಿದೆ."

ಎರಡನೆಯ ಮರಕ್ಕೆ ಹೋದ. ಅದರ ಮೈ ತಟ್ಟಿ ಅದಕ್ಕೂ ಹೇಳಿದ. ಮೂರನೆಯದಕ್ಕೂ ಹೇಳಿದ. ಅವನ ಮುಖದಲ್ಲಿ ನಗು ಬಂದಿತ್ತು, ಕೆನ್ನೆ ಒದ್ದೆಯಾಗಿತ್ತು. ಹದಿನೈದು ಇಪ್ಪತ್ತು ವರ್ಷ ಬೇಕು ಅವಳಿಗೆ ಹೂ ಬಿಡೋಕೆ, ಅಲ್ಲೀವರೆಗೆ ಗಟ್ಟಿಯಾಗಿರಬೇಕು ನೀವು, ಎಂದು ಬುದ್ಧಿ ಹೇಳುತ್ತ ಹೇಳುತ್ತ ನಡೆದ. ಒಂದನ್ನೂ ಬಿಡಲಿಲ್ಲ. ಇಪ್ಪತ್ತಾರೂ ಮುಗಿಸಿ ಸಾಲಿನ ತುದಿಗೆ ಬರುವ ಹೊತ್ತಿಗೆ ಮೊಣಕಾಲು ಸೋತು ಒಂದು ಮಂಡಿಬೇರಿನ ಮೇಲೆ ಕುಸಿದು ಕೂತ.

"ನನ್ನ ಕೈಲಿ ಎಲ್ಲಾ ಸಾಲು ಆಗಲ್ಲ" ಎಂದ ಏದುಸಿರು ಬಿಡುತ್ತ. "ಎರಡನೇ ಸಾಲಿಗೆ ನೀನು ಹೇಳ್ಕೊಂಡು ಬಾ ಮಗಳೇ."

ಅವನು ಕಿವಿಗೊಟ್ಟು ಕೂತಿದ್ದ. ನೀರಿನಲ್ಲಿ ಎರಡು ಹೆಜ್ಜೆ ಹಾಕಿ, ಎದುರಿನ ಮರದ ಮೇಲೆ ಕೈಯಿಟ್ಟು, ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಹೆಣ್ಣು ಹುಟ್ಟಿದೆ."